ಕೆಂಪು ಪುಡಿ, ಬಿಳಿ ಪುಡಿ

ಮ್ಯೂಸಿಯಮ್ಮಿನಲ್ಲಿ ಅವರನ್ನು ಎಲ್ಲರೂ ಟೇಪ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಜೇಬಿನಲ್ಲಿ ಸದಾ ಅಳತೆಯ ಟೇಪು, ಬಾಯಲ್ಲಿ ಸದಾ ಬುದ್ಧಿಮಾತು, ಅದಕ್ಕೇ ಆ ಹೆಸರು. ಹಳೇ ಮರದ ಮೂರ್ತಿಗಳನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಎತ್ತರಕ್ಕೆ, ಯಾವ ಬೆಳಕಿನಲ್ಲಿ ಎಂದು ಗೊತ್ತುಮಾಡುವುದು ಅವರ ಕೆಲಸ. ಆ ಕೋಣೆಗಳನ್ನು ಗುಡಿಸಿ ಒರೆಸುವುದು ನನ್ನದು.

ಏಳುನೂರು ವರ್ಷದ ಹಿಂದೆ ಕೆತ್ತಿದ ಒಬ್ಬ ತಾಯಿ ಅಲ್ಲಿದ್ದಳು. ಎರಡೂ ಕೈ ಮುರಿದುಹೋಗಿ, ತಲೆ ತಗ್ಗಿಸಿ ನಿಂತವಳು. ಮೊದಲು ನೆಲದ ಮೇಲೇ ಇಟ್ಟಿದ್ದರು. ಹಣೆ ದಪ್ಪ, ಮುಖ ಸೊಟ್ಟ ಕಾಣುತ್ತಿತ್ತು. ಕೆಳಗಿನಿಂದ ನೋಡಲಿ ಎಂದೇ ಕೆತ್ತಿದ್ದಾರೆ ಅಂದರು ಮೇಷ್ಟ್ರು. ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಆಳುಗಳಿಂದ ಅವಳನ್ನು ಎತ್ತಿಸಿ ಕಾಲ ಕೆಳಗೆ ಒಂದೊಂದೇ ಹಲಗೆ ಕೊಡುತ್ತಾ ಹೋದರು. ಪ್ರತಿ ಸಲವೂ ಒಂದೇ ಪ್ರಶ್ನೆ.

“ಈಗ ಯಾರನ್ನ ನೋಡ್ತಿದಾಳೆ ಅಕ್ಕ?”

ಐದನೇ ಹಲಗೆಗೆ ನಾನು ಸೆರಗು ಸರಿಮಾಡಿಕೊಂಡೆ. ನನ್ನನ್ನೇ ನೋಡುತ್ತಿದ್ದಳು.

ಮೈಮೇಲೆ ಉಳಿದಿದ್ದ ಚೂರುಪಾರು ಬಣ್ಣ ಮಾಸಬಾರದೆಂದು ಬೆಳಕು ಮಂದ ಮಾಡಿಸಿದರು. ಬಂದವರು, ಇಲ್ಲಿ ಮೂರ್ತಿಗಳೆಲ್ಲ ಮಲಗಿದಾವಾ ಅಂತ ಗೇಲಿ ಮಾಡುತ್ತಿದ್ದರು. ಆದರೂ ಅವಳ ಮುಂದೆ ಬಂದರೆ ಬಾಯಿ ಮುಚ್ಚುತ್ತಿದ್ದರು.

ಇನ್ನು ಪೀಠ. ಮೇಷ್ಟ್ರ ಅಪ್ಪ ಬಡಗಿ. ಅವರು ಉಳಿ ಹಿಡಿದು ಕೆಲಸ ಮಾಡುತ್ತಿದ್ದ ದೊಡ್ಡ ಕೆಂಪು ಮರದ ಮೇಜು ಮೇಷ್ಟ್ರ ಮನೆಯ ನಡುಮನೆಯನ್ನು ಅರ್ಧ ನುಂಗಿತ್ತು. ಅದು ನನ್ನ ಸವತಿ, ಅದಾದರೂ ಹೋಗಲಿ ಇಲ್ಲ ನಾನಾದರೂ ಹೋಗ್ತೀನಿ ಎನ್ನುತ್ತಿದ್ದರಂತೆ ಅವರ ಹೆಂಡತಿ. ತಾಯಿಯ ಪೀಠಕ್ಕೆ ಅದೇ ಆಗಲಿ ಎಂದುಕೊಂಡರು ಮೇಷ್ಟ್ರು. ಆದರೆ ಹೊರಗಿನಿಂದ ಬಂದ ಮರವನ್ನು ಹುಳ ಇದೆಯೇ ಎಂದು ಪರೀಕ್ಷೆ ಮಾಡಿಸದೆ ಮ್ಯೂಸಿಯಮ್ಮಿನ ಒಳಗೆ ತರುವ ಹಾಗಿಲ್ಲ. ಮೇಜಿನ ಕಾಲಿನಲ್ಲಿ ಸಣ್ಣ ತೂತುಗಳಿದ್ದವು. ಮೇಷ್ಟ್ರು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಹಳೇ ತೂತು, ಹುಳ ಎಂದೋ ಸತ್ತಿದೆ ಅಂದರು. ಪರೀಕ್ಷೆ ಆಗಿದೆ ಎಂದು ಕಾಗದದಲ್ಲಿ ಬರೆದು, ಆ ಮೇಜನ್ನೇ ಕುಯ್ದು ಪೀಠ ಮಾಡಿದರು. ಅಪ್ಪನ ಕೈ ಓಡಾಡಿದ ಮರ ಆ ತಾಯಿಯ ಕಾಲ ಕೆಳಗಿರಲಿ ಎಂಬುದಷ್ಟೇ ಅವರ ಆಸೆ.

ಐದು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಬಕೆಟ್ಟು ಹಿಡಿದು ಹೋದರೆ, ಮೇಷ್ಟ್ರು ನನಗಿಂತ ಮೊದಲೇ ಬಂದು ಮಂಡಿಯೂರಿ ಕರ್ಚೀಫಿನಿಂದ ಪೀಠದ ಬುಡ ಒರೆಸುತ್ತಿದ್ದರು. ಮರುದಿನವೂ ಹಾಗೆಯೇ. ನನ್ನ ಕೆಲಸ ಕಿತ್ಕೋತೀರಾ ಎಂದು ನಗಾಡಿದೆ. ಅವರು ನಗಲಿಲ್ಲ. ಕರ್ಚೀಫಿನ ಮೇಲೆ ಹುಳ ಕೊರೆದು ಉದುರಿಸಿದ ಕೆಂಪು ಪುಡಿ ಇತ್ತು.

“ಕೆಂಪಿರೋ ತನಕ ಭಯ ಇಲ್ಲ. ಅದು ನಮ್ಮಪ್ಪನ ಮೇಜಿಂದು.”

ತಾಯಿಯ ಮರ ಬಿಳಿ. ಸ್ವಲ್ಪ ದಿನ ತಡೆದು, ರಜೆಯ ದಿನ ನೋಡಿ ಸದ್ದಿಲ್ಲದೆ ಪೀಠ ಬದಲಾಯಿಸುತ್ತೇನೆ ಅಂದರು. ಹೇಳಿಬಿಡಿ ಮೇಷ್ಟ್ರೇ ಎನ್ನಬೇಕು ಅಂತ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಆ ರಜೆ ಹೋಯಿತು, ಮುಂದಿನದೂ ಹೋಯಿತು. ಪೀಠ ತೆಗೆಯಬೇಕಾದರೆ ನಾಲ್ಕು ಜನ ಬೇಕು, ನಾಲ್ಕು ಜನ ಬಂದರೆ ಎಲ್ಲರಿಗೂ ತಿಳಿಯುತ್ತದೆ.

ನಲವತ್ತೊಂದನೇ ದಿನ ಕರ್ಚೀಫನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಪುಡಿ ಬಿಳಿಯಾಗಿತ್ತು. ಅದನ್ನು ಮಡಿಸಿಕೊಂಡು ನೇರ ಮ್ಯೂಸಿಯಮ್ಮಿನ ಮುಖ್ಯಸ್ಥೆ ದೊಡ್ಡ ಮೇಡಂ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ಮೇಡಂ ಕೂಗಾಡಲಿಲ್ಲ. ಎಷ್ಟು ದಿನದಿಂದ ಗೊತ್ತು ಎಂದಷ್ಟೇ ಕೇಳಿದರು. ಮೇಷ್ಟ್ರು ಲೆಕ್ಕ ತಪ್ಪದೆ ಹೇಳಿದರು. ನನ್ನ ಹೆಸರು ಎತ್ತಲಿಲ್ಲ.

ಹುಳ ಉಸಿರುಕಟ್ಟಿ ಸಾಯಲೆಂದು ತಾಯಿಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿಡಲು ಆಳುಗಳು ಎತ್ತಿದಾಗ ಎಡಗಾಲು ಪೀಠದ ಮೇಲೇ ಉಳಿಯಿತು. ಹೊರಗೆ ಕಾಲಿನ ಆಕಾರ, ಒಳಗೆ ಬರೀ ಹಿಟ್ಟು. ಪೀಠವನ್ನು ಹಿತ್ತಲಲ್ಲಿ ಸುಟ್ಟರು. ಪೂರಾ ಬೂದಿಯಾಗುವ ತನಕ ಮೇಷ್ಟ್ರು ನಿಂತಿದ್ದು, ಗೇಟು ದಾಟಿದವರು ಮತ್ತೆ ಬರಲಿಲ್ಲ.

ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಮೇಜಿದ್ದ ಜಾಗ ಖಾಲಿ. ಹೆಂಡತಿ ಅಲ್ಲಿ ಒಂದು ಕುರ್ಚಿಯನ್ನೂ ಹಾಕಿರಲಿಲ್ಲ. ಮೇಷ್ಟ್ರು ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡದ್ದೇ ಕೇಳಿದರು.

“ಕಾಲು ಎಷ್ಟು ಉಳಿದಿದೆ ಅಕ್ಕ?”

ಹಿಮ್ಮಡಿ ಹಾಗೇ ಇದೆ, ಅಂಟಿಸಬಹುದಂತೆ ಎಂದೆ. ತಲೆಯಾಡಿಸಿದರು. ಹಿಟ್ಟಾಗಿ ಉದುರಿದ್ದ ಆ ಹಿಮ್ಮಡಿಯನ್ನು ಬ್ರಷ್ಷಿನಿಂದ ಗುಡಿಸಿ ಕವರಿಗೆ ತುಂಬಿದವಳು ನಾನೇ.