ಬಾವಿಗೆ ಬಿದ್ದವಳ ಮೊಮ್ಮಗಳು

ನಮ್ಮ ಸೋದರತ್ತೆಯ ಎಡಗಿವಿಯ ಹಾಲೆ ಎರಡು ಹೋಳಾಗಿತ್ತು. ಗಂಡ ಓಲೆಯ ಸಮೇತ ಕಿತ್ತಿದ್ದ. ಅವಳು ಒನಕೆಯಿಂದ ಅವನ ಮುಂಗೈ ಮುರಿದು, ರಕ್ತ ಸುರಿಯುವ ಕಿವಿಗೆ ಸೆರಗು ಒತ್ತಿಕೊಂಡು ಖಾಸಬಾಗದ ನಮ್ಮ ಮನೆಗೆ ಬಂದಳು. ಬಂದವಳು ಮತ್ತೆ ಹೋಗಲಿಲ್ಲ. ನಾನಾಗ ಶಾಲೆಗೆ ಹೋಗುತ್ತಿದ್ದೆ.

ಬಾಯಿ ಬೊಂಬಾಯಿ, ಕೈ ಅದಕ್ಕಿಂತ ಮುಂದು. ನಳದ ಹತ್ತಿರ ತನ್ನ ಕೊಡ ಸರಿಸಿದವಳನ್ನು ಜಡೆ ಹಿಡಿದು ಓಣಿ ತುಂಬ ಎಳೆದಾಡಿದ್ದಳು. ನನಗೂ ಸಾಕಷ್ಟು ಬಿದ್ದಿವೆ. "ಬಡಿಸ್ಕೊಂಡ ಸುಮ್ನ ಕುಂದರಬ್ಯಾಡ, ತಿರಗಿ ಬಡಿ" ಎಂದು ಹೊಡೆಯುತ್ತಲೇ ಕಲಿಸುತ್ತಿದ್ದಳು. ಅವಳೆಂದರೆ ನನಗೆ ಭಯ, ಅದಕ್ಕಿಂತ ಹೆಚ್ಚು ಪ್ರೀತಿ. ಅವಳ ಬಾಯಿ ಮುಚ್ಚಿಸಲು ಅವಳ ತಮ್ಮನಾದ ನನ್ನ ಅಪ್ಪನ ಬಳಿ ಒಂದೇ ಮಾತಿತ್ತು: "ನೀನೂ ಬಾವಿ ಬೀಳಾಕೀನ. ಅಜ್ಜಿ ರಕ್ತ."

ಅವರ ಅಜ್ಜಿ, ಅಂದರೆ ನನ್ನ ಮುತ್ತಜ್ಜಿ, ಖಾನಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಬಾವಿಗೆ ಹಾರಿ ಸತ್ತಳೆಂದು ಮನೆಯವರ ಮಾತು. ಹಿರಿಯರ ಹಬ್ಬದಂದು ಸತ್ತವರಿಗೆಲ್ಲ ಹೊಸ ಬಟ್ಟೆ ಇಡುತ್ತಿದ್ದೆವು. ಮುತ್ತಜ್ಜನಿಗೆ ಜರಿಯಂಚಿನ ಧೋತರ, ಅವಳಿಗೆ ಮಾತ್ರ ಏನೂ ಇಲ್ಲ. "ಆಕೀಗೂ ಒಂದ ಸೀರಿ ಇಡ್ರೋ" ಎಂದು ಅತ್ತೆ ಪ್ರತಿ ವರ್ಷ ಜಗಳ ತೆಗೆದು ಪ್ರತಿ ವರ್ಷ ಸೋಲುತ್ತಿದ್ದಳು.

ಎಂಬತ್ತೊಂದರ ಖಾನೇಷುಮಾರಿಗೆ ಜನರನ್ನು ಎಣಿಸುತ್ತ ಮನೆ ಮನೆ ತಿರುಗುತ್ತಿದ್ದ ಮಾಸ್ತರರನ್ನು ಅತ್ತೆ ಹಿಡಿದು ಕೂರಿಸಿದಳು. ನಮ್ಮಜ್ಜಿಯನ್ನು ಸರಕಾರ ಎಂದಾದರೂ ಬರೆದುಕೊಂಡಿತ್ತೇ ಎಂದು ಕೇಳಿದಳು.

"ಆವಾಗಿನ ಕಾಗದ ಎಲ್ಲಿ ಉಳದಾವ್ರಿ? ಆದ್ರ ಬಾವ್ಯಾಗ ಸತ್ತಾರಂದ್ರ ಪಂಚನಾಮಿ ಆಗಿರತೈತಿ. ಖಾನಾಪುರ ಕಚೇರ್ಯಾಗ ಹುಡಕಸ್ರಿ" ಎಂದರು ಅವರು.

ಸರಿ, ಹಿಡಿದಳು ಹಟ. ಕಾಲೇಜು ಮುಗಿಸಿ ಕುಳಿತಿದ್ದ ನನ್ನನ್ನೂ ಎಳೆದುಕೊಂಡು ಖಾನಾಪುರದ ಬಸ್ಸು ಹತ್ತಿದಳು. ಕಾರಕೂನ ನಾಳೆ ಬಾ ಎಂದ. ಮರುದಿನವೂ ಅದನ್ನೇ ಹೇಳಿದಾಗ ಅತ್ತೆ ಅವನ ಮೇಜನ್ನೇ ಕೆಡವಿದಳು. ಹಳೆಯ ಕಾಗದದ ಗಂಟುಗಳು ಬಿಚ್ಚಿದವು. ನಮ್ಮ ಹಳ್ಳಿಯ ಕಾಗದವೇನೋ ಸಿಕ್ಕಿತು, ಆದರೆ ಅದು ಹಳೆಯ ಮರಾಠಿ ಬರಹದ ಮೋಡಿ ಲಿಪಿಯಲ್ಲಿತ್ತು. ಅದನ್ನು ಓದಬಲ್ಲ ಜೈನರ ಮುದುಕರೊಬ್ಬರನ್ನು ಪೇಟೆಯಿಂದ ಕರೆತಂದೆವು.

"ಮೈಮ್ಯಾಲ ಗಾಯ ಇಲ್ಲ, ತಾನ ಹಾರ್ಯಾಳ ಅಂತ ಗಂಡನ ಜಬಾನಿ ಐತಿ" ಎಂದು ಹೇಳಿ, ಅವರು ಕೊನೆಯ ಸಾಲನ್ನು ಮರಾಠಿಯಲ್ಲೇ ಓದಿದರು: "ಗಳ್ಯಾತ ಲಿಂಗ ನಾಹೀ." ಕೊರಳಲ್ಲಿ ಲಿಂಗವಿಲ್ಲ, ಸತ್ತರೂ ಕಳಚಬಾರದ ಲಿಂಗ.

ಅತ್ತೆ ನನ್ನ ಮಣಿಕಟ್ಟು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆದು ಚುಚ್ಚಿತು.

ಮನೆಗೆ ಬಂದವಳೇ ದೇವರ ಜಗಲಿಯಿಂದ ಹಳೆಯ ಬೆಳ್ಳಿ ಕರಡಿಗೆಯೊಂದನ್ನು ತೆಗೆದಳು. ಅಪ್ಪನ ಮುಂದೆ ತೆರೆದು ಹಿಡಿದಳು, ಒಳಗೊಂದು ಲಿಂಗ. ಮುತ್ತಜ್ಜ ತನ್ನ ಕೈಯಾರೆ ಇಟ್ಟದ್ದೆಂದು ದಿನವೂ ಅದಕ್ಕೆ ವಿಭೂತಿ ಹಚ್ಚುತ್ತಿದ್ದೆವು, ಯಾರದೆಂದು ಕೇಳಿದವರಿಲ್ಲ.

"ಇದು ಅಜ್ಜಿದು. ನಿಮ್ಮಜ್ಜ ಮೊದಲ ಲಿಂಗ ಬಿಚ್ಚಕೊಂಡಾನ, ಆಮ್ಯಾಲ ಆಕೀನ್ನ ದೂಡ್ಯಾನ. ದೇವರು ನೀರಾಗ ಬೀಳಬಾರದು, ಹೆಂಡ್ತಿ ಬಿದ್ರ ನಡೀತೈತಿ!"

"ತಾನ ಬಿಚ್ಚಿಟ್ಟ ಹೋಗಿರಬೇಕು" ಎಂದ ಅಪ್ಪ.

"ಹಂಗಿದ್ರ ಮಣ್ಣ ಮಾಡುವಾಗ ಆಕೀ ಕೈಯಾಗ ಯಾಕ ಕೊಡಲಿಲ್ಲ? ಕೊಟ್ಟಿದ್ರ ಎಲ್ಲಿತ್ತಂತ ಪಂಚರು ಕೇಳ್ತಿದ್ರು!"

ಅಪ್ಪ ಅವಳ ಕೆನ್ನೆಗೆ ಬಾರಿಸಿದ. ಅವಳು ಅವನ ಕೂದಲು ಹಿಡಿದು ಹಣೆಯನ್ನು ಗೋಡೆಗೆ ಚಚ್ಚಿದಳು. ಮುತ್ತಜ್ಜನ ಫೋಟೋ ಎಳೆದು ಗುಂಡುಕಲ್ಲಿನಿಂದ ಜಜ್ಜಿದಳು. ಗಾಜಿನ ಮೇಲೆಲ್ಲ ಅಪ್ಪನ ರಕ್ತ. ಆ ವರ್ಷದ ಹಬ್ಬಕ್ಕೆ ಧೋತರ ಒಲೆಗೆ ಹೋಯಿತು, ಅತ್ತೆಯೇ ಹಸಿರು ಸೀರೆ ತಂದಿಟ್ಟಳು. ಅಪ್ಪ ತಡೆಯಲಿಲ್ಲ, ಅವಳೊಂದಿಗೆ ಮಾತನ್ನೂ ಆಡಲಿಲ್ಲ.

ಮುತ್ತಜ್ಜಿಯನ್ನು ಎಲ್ಲಿ ಹೂತಿದ್ದರೆಂದು ಹಳ್ಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಿಂಗ ಅತ್ತೆಯ ಬಳಿಯೇ ಉಳಿಯಿತು.

ಕೆಲವು ವರ್ಷಗಳ ಮೇಲೆ ಅತ್ತೆ ಕಾಮಾಲೆಯಲ್ಲಿ ತೀರಿಕೊಂಡಳು. ಅಷ್ಟು ಹೊಡೆದಾಡಿದ ಕೈ ಒಣಗಿ ಕಡ್ಡಿಯಾಗಿತ್ತು. ನಾನು ಅದನ್ನೇ ಹಿಡಿದು ಕಣ್ಣೀರಿಟ್ಟೆ. ಗುಣಿಯಲ್ಲಿ ಕೂರಿಸಿ ಅವಳ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟಾಗ ಅಪ್ಪ ಆ ಬೆಳ್ಳಿ ಕರಡಿಗೆ ಮುಂದೆ ಚಾಚಿದ.

"ಎರಡ ಲಿಂಗ ಕೊಡೂ ಪದ್ಧತಿ ಇಲ್ರೀ" ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

ಅಪ್ಪ ಗುಣಿಯೊಳಗೆ ಇಳಿದ. ಅಕ್ಕನ ಬೆರಳುಗಳನ್ನು ತಾನೇ ಬಿಡಿಸಿದ.

"ಇಬ್ಬರನ್ನ ಮಣ್ಣ ಮಾಡಾಕತ್ತೇವ್ರಿ" ಎಂದ.