ಕೌನ್ಸೆಲಿಂಗಿಗೆ ಬಂದ ಮೊದಲ ಹುಡುಗಿ

ನಲವತ್ತು ದಾಟಿದ ಮೇಲೆ ಶಾಲಾ ಕೌನ್ಸೆಲಿಂಗಿನಲ್ಲಿ ಎಂಎಸ್ಸಿ ಮಾಡಲು ಹೊರಟವಳು ನಾನು. ವಾರವಿಡೀ ಕಡಬದ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಪಾಠ, ಶನಿವಾರ ಪುತ್ತೂರಿನಲ್ಲಿ ಕ್ಲಾಸು. ಪ್ರಾಕ್ಟಿಕಲ್ಸಿಗೆ ಮಕ್ಕಳೊಡನೆ ಮಾತಾಡಬೇಕು ಎಂದಾಗ ಹೆಡ್ಮಾಸ್ಟರು ಆಟದ ಸಾಮಾನಿನ ಕೋಣೆ ಖಾಲಿ ಮಾಡಿಸಿಕೊಟ್ಟರು. ಪಾಠದ ಹೊತ್ತಿನಲ್ಲಿ ನಿದ್ದೆ ಹೋದ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳನ್ನು ಅಲ್ಲಿಗೆ ಕಳಿಸಿದರು.

ಅವಳು ಬಂದವಳೇ ಅಂಗೈ ಚಾಚಿ ನಿಂತಳು.

“ಕೈ ಕೆಳಗೆ ಹಾಕು ಮಾರಾಯ್ತಿ, ಹೊಡೀಲಿಕ್ಕೆ ಅಲ್ಲ. ಮಾತಾಡುವ ಅಂತ.”

“ಹೊಡೆದೇ ಬಿಡಿ ಟೀಚರ್. ಮಾತಾಡಿದ್ರೆ ಮನೆಗೆ ಗೊತ್ತಾಗ್ತದೆ.”

ಈ ಕೋಣೆಯ ಮಾತು ಹೊರಗೆ ಹೋಗುದಿಲ್ಲ ಎಂದು ಪುಸ್ತಕದಲ್ಲಿ ಇದ್ದ ಹಾಗೆಯೇ ಭರವಸೆ ಕೊಟ್ಟೆ. ನಂಬಿದಳು. ಅವಳು ಹೇಳಿದ್ದನ್ನು ಇಲ್ಲಿಯೂ ಬರೆಯುವುದಿಲ್ಲ.

ಮಧ್ಯಾಹ್ನ ಹೆಡ್ಮಾಸ್ಟರು ಕರೆದರು. “ಎಂತ ಅಂತೆ ಅವಳದ್ದು?”

“ಅದು ಹೇಳುವ ಹಾಗಿಲ್ಲ ಸರ್.”

“ನನಗೂ ಹೇಳುವ ಹಾಗಿಲ್ಲದಿದ್ರೆ ಮತ್ತೆ ನಿಮಗೆ ಶನಿವಾರ ರಜೆ ಕೊಡುದು ಎಂತಕ್ಕೆ?”

ಅವರು ನನ್ನೆದುರೇ ಅವಳ ತಾಯಿಗೆ ಫೋನ್ ಮಾಡಿದರು. “ನಿಮ್ಮ ಮಗಳನ್ನು ಕೌನ್ಸೆಲಿಂಗಿಗೆ ಹಾಕಿದ್ದೇವೆ. ಎಂತದೋ ಉಂಟು, ಟೀಚರು ಹೇಳುದಿಲ್ಲ. ನೀವೇ ಕೇಳಿ.”

ಮನೆಯಲ್ಲಿ ಕೇಳಿದರು. ಹೇಗೆ ಕೇಳಿದರು ಎನ್ನುವುದು ಮರುದಿನ ಅವಳ ಕೆನ್ನೆ ನೋಡಿದರೆ ತಿಳಿಯುತ್ತಿತ್ತು.

ಆ ವರ್ಷ ನನಗೆ ಗೌಪ್ಯತೆಯ ಪಾಠವಿದ್ದ ಪೇಪರಿನಲ್ಲೇ ಎಲ್ಲರಿಗಿಂತ ಹೆಚ್ಚು ಮಾರ್ಕು ಬಂತು. ಹೆಡ್ಮಾಸ್ಟರು ಅಸೆಂಬ್ಲಿಯಲ್ಲಿ ಅದನ್ನು ಹೇಳಿ ಚಪ್ಪಾಳೆ ತಟ್ಟಿಸಿದರು. ಇಡೀ ಶಾಲೆ ತಟ್ಟಿತು. ಅವಳೊಬ್ಬಳು ಕೈ ಕಟ್ಟಿ ನಿಂತಿದ್ದಳು.