ಸದ್ದಿಗೆ ಸಿಕ್ಕ ಮೂರನೇ ಉತ್ತರ

ಗ್ರಂಥಾಲಯದಲ್ಲಿ ಎಲ್ಲರೂ ಅವಳನ್ನು ಮಡಿಚಕ್ಕ ಅನ್ನುತ್ತಿದ್ದರು. ಹಳೆಯ ಪತ್ರಿಕೆ, ಖಾಲಿ ಚೀಲ, ಬಸ್ ಟಿಕೆಟು, ಕೈಗೆ ಸಿಕ್ಕಿದ್ದನ್ನು ನಾಲ್ಕು ಮಡಿಕೆ ಮಾಡದೆ ಬಿಟ್ಟವಳಲ್ಲ. ಅವಳ ಎದುರು ಬಹಳ ಹೊತ್ತು ನಿಂತರೆ ನಮ್ಮನ್ನೂ ಮಡಿಸಿ ಕಪಾಟಿನಲ್ಲಿ ಇಟ್ಟಾಳು ಎಂದು ಗ್ರಂಥಪಾಲಕರು ಚುಡಾಯಿಸುತ್ತಿದ್ದರು.

ಹನ್ನೆರಡು ವರ್ಷಗಳಿಂದ ಅವಳ ಕೆಲಸ ಪುಸ್ತಕ ಜೋಡಿಸುವುದು, ಗಲಾಟೆ ಮಾಡುವವರಿಗೆ "ಶ್" ಅನ್ನುವುದು. ಕಿಟಕಿ ಪಕ್ಕದ ಮುದಿ ಕಂಪ್ಯೂಟರಿನ ಆರೈಕೆ ಮಾತ್ರ ಯಾರೂ ಒಪ್ಪಿಸದೆ ಅವಳ ಪಾಲಿಗೆ ಬಂದದ್ದು. ದಿನಾ ಹತ್ತು ಗಂಟೆಗೆ ದರ್ಜಿ ಅಜ್ಜ ಗೋಡೆ ಸವರುತ್ತ ಬಂದು ಅದರ ಮುಂದೆ ಕೂರುತ್ತಿದ್ದರು. ಐದು ವರ್ಷದ ಹಿಂದೆ ಅವರ ಕಣ್ಣು ಹೋಗಿತ್ತು. ಹೆಡ್‌ಫೋನ್ ಹಾಕಿಕೊಂಡರೆ ಕಂಪ್ಯೂಟರು ಅವರಿಗೆ ಕಾದಂಬರಿ ಓದಿ ಹೇಳುತ್ತಿತ್ತು.

ಒಂದು ದಿನ ಆ ಓದುವ ತಂತ್ರಾಂಶದ ಹೊಸ ರೂಪ ಬಂತು, ಹಳೆಯದು ನಿಂತೇ ಹೋಯಿತು. ಹೊಸದು ಮಹಾ ಹೊಟ್ಟೆಬಾಕ. ಮುದಿ ಯಂತ್ರದ ಚೂರುಪಾರು ಮೆಮೊರಿ ಅದಕ್ಕೆ ಸಾಲದೆ, ತೆರೆದ ಕೂಡಲೇ ಎಲ್ಲವೂ ಕಲ್ಲಿನಂತೆ ನಿಂತುಬಿಡುತ್ತಿತ್ತು. ಗ್ರಂಥಪಾಲಕರು ಆ ಕಂಪ್ಯೂಟರನ್ನೇ ಶನಿವಾರದ ಗುಜರಿ ಪಟ್ಟಿಗೆ ಸೇರಿಸಿದರು. ಬದಲಿ ಕಂಪ್ಯೂಟರಿನ ಮಾತು ಮುಂದಿನ ವರ್ಷಕ್ಕಂತೆ. ಅಜ್ಜನಿಗೆ ಇನ್ನು ಮೂರು ಅಧ್ಯಾಯ ಬಾಕಿ ಇತ್ತು. ಕಾದಂಬರಿಯ ಅಣ್ಣನಿಗೆ ಕಳೆದುಹೋದ ತಂಗಿ ಸಿಕ್ಕಳೋ ಇಲ್ಲವೋ ಎಂದು ಅವರು ಮನೆಯಲ್ಲಿ ಸೊಸೆಯ ತಲೆ ತಿನ್ನುತ್ತಿದ್ದರು.

ಮಡಿಚಕ್ಕ ಕಪಾಟಿನಿಂದ ಯಾರೂ ಮುಟ್ಟದ ಒಂದು ದಪ್ಪ ಪುಸ್ತಕ ತೆಗೆದಳು. ಕಂಪ್ಯೂಟರಿನೊಳಗೆ ಕರ್ನಲ್ ಎಂಬ ಯಜಮಾನ ಇರುತ್ತಾನೆ, ಯಾರಿಗೆ ಎಷ್ಟು ಜಾಗ ಎಂದು ಹಂಚುವವನು ಅವನೇ, ಅವನನ್ನು ನಮಗೆ ಬೇಕಾದ ಹಾಗೆ ಹೊಸದಾಗಿ ಕಟ್ಟಿಕೊಳ್ಳಬಹುದು ಎಂದು ಅದರಲ್ಲಿತ್ತು. ಕಟ್ಟುವ ಮುಂಚೆ ಅವನು ನೂರಾರು ಪ್ರಶ್ನೆ ಕೇಳುತ್ತಾನೆ: ಇದು ಬೇಕೇ, ಅದು ಬೇಕೇ? ಒಂದು ಆಯ್ಕೆ ಓದಿ ಅವಳಿಗೆ ನಗು ಬಂತು. ಸದ್ಯಕ್ಕೆ ಬೇಡದ ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡಿ, ಮೆಮೊರಿಯ ಮೂಲೆಯಲ್ಲೇ ಇಟ್ಟುಕೊಳ್ಳುವುದು. ತಾನು ಹುಟ್ಟಿದಾಗಿನಿಂದ ಮಾಡುತ್ತಿದ್ದ ಕೆಲಸಕ್ಕೆ ಯಂತ್ರದಲ್ಲೂ ಜಾಗವಿದೆ!

ಕಂಪ್ಯೂಟರಿನ ಮುಂದೆ ಕೂತು ಅದಕ್ಕೆ ಹೌದು ಅಂದಳು. ಟಿವಿ ಕಾರ್ಡು, ಆಟವಾಡುವ ಜಾಯ್‌ಸ್ಟಿಕ್ಕು, ಹೆಸರೇ ಕೇಳದ ಇನ್ನೂ ಏನೇನೋ ಬಂದಾಗ ಬೇಡ, ಬೇಡ ಅನ್ನುತ್ತ ಹೋದಳು. ಸದ್ದು ಬೇಕೇ ಎಂಬ ಪ್ರಶ್ನೆ ಬಂದಾಗ ಕೈ ತಡೆಯಲೇ ಇಲ್ಲ. ಗ್ರಂಥಾಲಯದಲ್ಲಿ ಸದ್ದೇಕೆ? ಬೇಡ.

ಗುರುವಾರ ಇಡೀ ದಿನ ಯಂತ್ರ ಗುರುಗುಟ್ಟುತ್ತ ಹೊಸ ಕರ್ನಲ್ ಕಟ್ಟಿತು. ಶುಕ್ರವಾರ ಬೆಳಿಗ್ಗೆ ತಂತ್ರಾಂಶ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅಜ್ಜ ಹೆಡ್‌ಫೋನ್ ಹಾಕಿ ಕಾದರು, ಅದನ್ನು ತಟ್ಟಿ ಮತ್ತೆ ಕಾದರು.

"ಏನಮ್ಮಾ, ಇದಕ್ಕೂ ಶ್ ಅಂದುಬಿಟ್ಯಾ?"

ಮಡಿಚಕ್ಕ ನಾಲಿಗೆ ಕಚ್ಚಿಕೊಂಡಳು. ಇನ್ನು ಸದ್ದಿಗೆ ಹೌದು ಅಂದರೆ, ಈ ಯಂತ್ರದ್ದು ಯಾವ ಸದ್ದಿನ ಕಾರ್ಡೆಂದು ಗೊತ್ತಿಲ್ಲದ ಕಾರಣ, ಹತ್ತಾರು ಬಗೆಯ ಕಾರ್ಡುಗಳ ಸಾಮಾನೆಲ್ಲ ಮೆಮೊರಿಯೊಳಗೆ ಬಂದು ಕೂರುತ್ತದೆ. ಉಳಿಸಿದ ಜಾಗ ಮತ್ತೆ ಹೋಗುತ್ತದೆ. ನಡೆದದ್ದನ್ನು ಅಜ್ಜನಿಗೆ ಹೇಳಿಕೊಂಡಳು.

ಅಜ್ಜ ಅಂಗಿಯ ಅಂಚನ್ನು ಬೆರಳಲ್ಲಿ ತೀಡುತ್ತ ಕೇಳಿದರು. "ಕತ್ತರಿಸಿಬಿಟ್ಯಾ? ಬೆಳೆಯೋ ಮಕ್ಕಳ ಬಟ್ಟೆ ನಾವು ಹಾಗೆ ಕತ್ತರಿಸ್ತಿರಲಿಲ್ಲ ಮಗಳೇ. ಹೆಚ್ಚಿಗೆ ಇದ್ದಿದ್ದನ್ನ ಅಂಚಿನೊಳಗೆ ಮಡಿಸಿ ಬಿಡೋದು. ಬೇಕಾದಾಗ ಬಿಚ್ಚಿದ್ರಾಯ್ತು."

ಮಡಿಸುವ ಪಾಠವನ್ನು ಅವಳಿಗೇ ಹೇಳುವವರು ಸಿಕ್ಕಿದ್ದರು. ಅವಳು ಮತ್ತೆ ಪ್ರಶ್ನೆಗಳ ಮುಂದೆ ಕೂತಳು. ಹೌದು, ಇಲ್ಲ, ಅವುಗಳ ಪಕ್ಕ ತಾನು ಲೆಕ್ಕಕ್ಕೇ ತೆಗೆದುಕೊಳ್ಳದ, ಇಂಗ್ಲಿಷಿನ 'ಎಂ' ಎಂಬ ಮೂರನೇ ಉತ್ತರ ಇತ್ತು. ಪುಸ್ತಕ ತಿರುವಿ ಅದರ ಅರ್ಥ ನೋಡಿದಳು: ಮೆಮೊರಿಯ ಹೊರಗೆ, ಡಿಸ್ಕಿನಲ್ಲಿ ಇರಲಿ, ಬೇಕಾದದ್ದನ್ನಷ್ಟೇ ಬೇಕಾದಾಗ ಕರೆಯುತ್ತೇನೆ. ಸದ್ದಿಗೆ ಅದನ್ನೇ ಕೊಟ್ಟಳು. ಉಳಿದದ್ದು ನಿನ್ನೆಯೇ ಕಟ್ಟಿಯಾಗಿದ್ದರಿಂದ ಈ ಸಲ ಸಂಜೆ ನಾಲ್ಕಕ್ಕೆ ಮುಗಿಯಿತು. ಅಜ್ಜ ಮನೆಗೆ ಹೋಗಿರಲಿಲ್ಲ.

ಬಾಗಿಲು ಹಾಕುವ ಹೊತ್ತಿಗೆ ಗ್ರಂಥಪಾಲಕರು ಗುಜರಿ ಪಟ್ಟಿ ಹಿಡಿದು ಬಂದು, ಏನಾಯ್ತು ಎಂದು ಗಟ್ಟಿಯಾಗಿ ಕೇಳಿದರು. ಹೆಡ್‌ಫೋನಿನೊಳಗಿದ್ದ ಅಜ್ಜ ತುಟಿಯ ಮೇಲೆ ಬೆರಳಿಟ್ಟರು.

"ಶ್. ಯಾರೋ ಬಾಗಿಲು ತಟ್ತಿದ್ದಾರೆ. ತಂಗಿನೇ ಇರಬೇಕು."

ಗ್ರಂಥಪಾಲಕರು ಜೇಬಿನಿಂದ ಪೆನ್ನು ತೆಗೆದು ಒಂದು ಸಾಲು ಹೊಡೆದುಹಾಕಿದರು. ಮಡಿಚಕ್ಕನ ಕೈ ತಾನಾಗಿಯೇ ಪಟ್ಟಿಯತ್ತ ಚಾಚಿತು.

"ಇದನ್ನ ಮಡಿಸ್ಬೇಡ ಮಾರಾಯ್ತಿ," ಅಂದರು ಅವರು, "ಉಳಿದ ಸಾಮಾನು ನಾಳೆ ಹೋಗಬೇಕು."